ಗೋವಾದಲ್ಲಿ ಗಾಳ ಹಾಕಲು ಬ್ರೇಡ್ ಲೈನ್ ಒಂದೇ ಸಾಕಾ?

ಸಾಕಾಗಲ್ಲ. ಬ್ರೇಡ್ (ಹೆಣೆದ ದಾರ) ಒಂದೇ ಸಾಕು ಅಂದ ಅಂಗಡಿಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದ್ದಾರೆ ಅಷ್ಟೇ. ನೀವು ಧಾರವಾಡದಿಂದ ವಾಸ್ಕೋಗೆ ಹೊಸದಾಗಿ ಬಂದವರು, 8 ಅಡಿ ರಾಡ್ ಮತ್ತು 4000 ಸೈಜಿನ ಸ್ಪಿನ್ನಿಂಗ್ ರೀಲ್ ತಗೊಂಡಿದ್ದೀರಿ, ಜೆಟ್ಟಿ, ನದಿ, ಬಂಡೆ, ಬೀಚು ಎಲ್ಲಾ ಕಡೆ ಹಾಕಬೇಕು ಅಂತ ಆಸೆ. ಅದಕ್ಕೆ ಒಂದೇ ಬ್ರೇಡ್ ಸುತ್ತಿಕೊಂಡರೆ ಆಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆ. ರೀಲಿನೊಳಗೆ ಒಂದೇ ದಾರ ಇದ್ದರೂ ನಡೆಯುತ್ತದೆ. ಆದರೆ ಗಾಳದ ಹತ್ತಿರದ ಕೊನೆಯ ಒಂದು ಮಾರು ಬೇರೆ ದಾರ ಇರಲೇಬೇಕು, ಅದನ್ನೇ ಲೀಡರ್ ಅನ್ನುವುದು. ದೊಡ್ಡ ಮೀನು ಕಿತ್ತುಕೊಂಡು ಹೋಗುವುದು ಹೆಚ್ಚಾಗಿ ಆ ಒಂದು ಮಾರಿನಲ್ಲೇ.

ಬ್ರೇಡ್ ಅಂದ್ರೆ ಗಟ್ಟಿ ಪಾಲಿಥೀನ್ ಎಳೆಗಳನ್ನು ಜಡೆ ಹಾಗೆ ಹೆಣೆದದ್ದು, 4 ಎಳೆದು, 8 ಎಳೆದು ಹೀಗೆ ಸಿಗುತ್ತದೆ. ತುಂಬಾ ತೆಳು, ಹಿಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಲೂರ್ (ಮೀನನ್ನು ಮರುಳು ಮಾಡುವ ನಕಲಿ ಎರೆ) ದೂರ ಹೋಗುತ್ತದೆ, ಅಷ್ಟು ದೂರದಲ್ಲಿ ಮೀನು ಸುಮ್ನೆ ಮುಟ್ಟಿದರೂ ಬೆರಳಿಗೆ ಗೊತ್ತಾಗುತ್ತದೆ. ಆದರೆ ಬಿಗಿಯಾಗಿದ್ದಾಗ ಜೆಟ್ಟಿ ಕಂಬಕ್ಕೆ ಅಂಟಿದ ಚಿಪ್ಪಿಗೋ ಬಂಡೆಗೋ ತಾಗಿತೋ, ಪಟ್ ಅಂತ ಹೋಯ್ತು. ಇನ್ನೊಂದು ವಿಷಯ, ಇದನ್ನು ಬರೀ ಸ್ಪೂಲಿಗೆ, ಅಂದ್ರೆ ರೀಲಿನಲ್ಲಿ ದಾರ ಸುತ್ತುವ ಉರುಳೆಗೆ, ನೇರವಾಗಿ ಸುತ್ತಬೇಡಿ. ದಾರ ನುಣುಪು, ಇಡೀ ಸುತ್ತು ಒಟ್ಟಿಗೆ ಜಾರಿ ತಿರುಗುತ್ತದೆ, ನೀವು ರೀಲಿನ ಡ್ರ್ಯಾಗ್ (ಮೀನು ಜಗ್ಗಿದಾಗ ದಾರವನ್ನು ತಡೆದು ಬಿಡುವ ಬ್ರೇಕ್) ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಒಯ್ಯುತ್ತೀರಿ. ಮೊದಲು ಸ್ವಲ್ಪ ಮೋನೊ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ ಸುತ್ತಿ. ಸ್ಪೂಲಿನ ಅಂಚಿಗಿಂತ 2 ಮಿಲಿಮೀಟರ್ ಕೆಳಗೆ ನಿಲ್ಲಿಸಿ.

ಮೋನೊ ಅಂದ್ರೆ ನಮ್ಮ ನೈಲಾನ್ ತಂಗೂಸಿಯೇ. ಅಗ್ಗ, ಚೆನ್ನಾಗಿ ಹಿಗ್ಗುತ್ತದೆ, ಗಂಟು ಚೆನ್ನಾಗಿ ಕೂರುತ್ತದೆ. ಬಿಸಿಲಿಗೆ ಹಾಳಾಗುತ್ತದೆ, ಸುರುಳಿ ಬೀಳುತ್ತದೆ, ಹಾಗಾಗಿ ಆಗಾಗ ಬದಲಾಯಿಸಬೇಕು. ಫ್ಲೋರೋಕಾರ್ಬನ್ ನೋಡಲು ಇದೇ ಥರ ಇದ್ದರೂ ಬೇರೆ ವಸ್ತು. ನೀರಿಗಿಂತ ಹೆಚ್ಚುಕಡಿಮೆ 1.8 ಪಟ್ಟು ಭಾರ, ಮುಳುಗುತ್ತದೆ. ಬೆಳಕನ್ನು ಬಾಗಿಸುವುದರಲ್ಲಿ ಮೋನೊಗಿಂತ ನೀರಿಗೆ ಹತ್ತಿರ ಆದ್ದರಿಂದ ನೀರಿನಲ್ಲಿ ಕಡಿಮೆ ಕಾಣುತ್ತದೆ. ಉಜ್ಜಿದರೂ ತಡೆಯುತ್ತದೆ. ಆದರೆ ಬಿರುಸು, ದುಬಾರಿ. ರೀಲ್ ತುಂಬಾ ಅದನ್ನೇ ಸುತ್ತುವುದು ದುಡ್ಡು ದಂಡ, ಲೀಡರಿಗೆ ಮಾತ್ರ ತಗೊಳ್ಳಿ.

ಈಗ ಎಲ್ಲಿ ಏನು. ಜುವಾರಿ, ಮಾಂಡವಿ ಹಿನ್ನೀರಿನಲ್ಲಿ ಲೂರ್ ಎಸೆಯುವುದಾದರೆ ಎಲ್ಲರಿಗೂ ಬೇಕಾಗಿರುವುದು ಚೊಣಕ್ (ಬ್ಯಾರಮಂಡಿ ಮೀನು). ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಖಾಜನ್ ಗದ್ದೆಗಳ (ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆಗಳು) ತೂಬಿನ ಬಾಯಲ್ಲಿ ಹೊಂಚು ಹಾಕಿ ನಿಂತಿರುತ್ತದೆ. (ತೂಬಿನ ಮೀನಿನ ಹಕ್ಕನ್ನು ಹರಾಜು ಹಾಕಿರುತ್ತಾರೆ, ಊರವರನ್ನು ಕೇಳದೆ ಅಲ್ಲಿ ಹಾಕಬೇಡಿ.) ಚೊಣಕಿಗೆ ದೊಡ್ಡ ಹಲ್ಲಿಲ್ಲ, ಆದರೆ ಕಿವಿರಿನ ಮುಚ್ಚಳದ ಅಂಚು ಬ್ಲೇಡು. ಹಾರಿ ತಲೆ ಒದರಿದಾಗ ಬರೀ ಬ್ರೇಡ್ ಇದ್ದರೆ ಮುಗೀತು. ಪಿಇ (ಬ್ರೇಡಿನ ದಪ್ಪದ ಅಳತೆ) 1.5 ಅಥವಾ 2ರ ಬ್ರೇಡ್, ತುದಿಗೆ 40 ಪೌಂಡ್ ಭಾರ ತಡೆಯುವ ಫ್ಲೋರೋ ಎರಡು ಮೂರು ಮೊಳ. ನಿಮ್ಮ ರೀಲಿಗೆ ಇದೇ ಸರಿಯಾದ ಜೋಡಿ. ನೀರ ಮೇಲೆ ಆಡಿಸುವ ಪಾಪರ್ ಹಾಕುವ ದಿನ ಮಾತ್ರ ಲೀಡರ್ ಮೋನೊ ಮಾಡಿಕೊಳ್ಳಿ, ಯಾಕಂದ್ರೆ ಫ್ಲೋರೋ ಮುಳುಗುತ್ತಾ ಪಾಪರಿನ ಮೂತಿಯನ್ನು ಕೆಳಗೆ ಎಳೆಯುತ್ತದೆ.

ಬಂಡೆ ಮೇಲಿನ ಕತೆಯೇ ಬೇರೆ. ಕಾಬೋ ದ ರಾಮಾ ಥರದ ಕಡೆ ಗೋಬ್ರೋ (ಗ್ರೂಪರ್), ತಾಂಬುಸೋ (ಕೆಂಪು ಸ್ನ್ಯಾಪರ್) ಕಚ್ಚಿದ ಕೂಡಲೇ ದೂರ ಓಡುವುದಿಲ್ಲ, ಸೀದಾ ತನ್ನ ಪೊಟರೆಗೆ ನುಗ್ಗುತ್ತದೆ. ಮೊದಲ ಕೆಲವು ಸೆಕೆಂಡಿನಲ್ಲಿ ಅದನ್ನು ಮೇಲೆತ್ತದಿದ್ದರೆ ದಾರ ಕಲ್ಲಿಗೆ ಉಜ್ಜುತ್ತದೆ. ಇಲ್ಲಿ ಪಿಇ 3, ಡ್ರ್ಯಾಗ್ ಬಿಗಿ, ಲೀಡರ್ 60 ಪೌಂಡಿನ ದಪ್ಪ ಮೋನೊ ಒಂದೂವರೆ ಮಾರು. ಇದಕ್ಕೆ ಫ್ಲೋರೋ ಬೇಕು ಅಂತ ವಾದ ಮಾಡುವವರು ಇದ್ದಾರೆ. ನನ್ನ ಪ್ರಕಾರ ಇಲ್ಲಿ ಅಗ್ಗದ ಮೋನೊವೇ ವಾಸಿ, ಗೀರು ಬಿದ್ದಷ್ಟನ್ನು ಮುಲಾಜಿಲ್ಲದೆ ಕತ್ತರಿಸಿ ಬಿಸಾಡಬಹುದು. ಬಿಸಾಡುವುದು ಅಂದ್ರೆ ಜೇಬಿಗೆ, ಬಂಡೆ ಮೇಲಲ್ಲ. ಪಿಇ 3 ಹಾಕಿದರೆ 4000 ರೀಲಿನಲ್ಲಿ ಉದ್ದ ಕಡಿಮೆ ಹಿಡಿಯುತ್ತದೆ, ಆದರೆ ಅಲ್ಲಿ ಮೀನಿಗೆ ಅಷ್ಟು ದಾರ ಬಿಡುವುದೇ ಇಲ್ಲವಲ್ಲ. ಮಳೆಗಾಲದಲ್ಲಿ ಮಾತ್ರ ಆ ಕಡೆ ಹೋಗಬೇಡಿ, ಅಲೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಜೆಟ್ಟಿಯಲ್ಲಿ ಕೂತು ಸಿಗಡಿ ಚುಚ್ಚಿ ಕಾಯುವುದಕ್ಕೆ 0.40 ಮಿಲಿಮೀಟರ್ ಮೋನೊ ಸಾಕು, ಬ್ರೇಡ್ ಬೇಡವೇ ಬೇಡ. ಗೋಡೆ ಬುಡದಲ್ಲಿ ಮೀನು ಕೊನೆಯ ಸಲ ಜಗ್ಗಿದಾಗ ಆ ಹಿಗ್ಗುವಿಕೆಯೇ ಗಾಳ ಬಾಯಿಂದ ಹರಿದು ಬರದಂತೆ ಕಾಪಾಡುತ್ತದೆ. ಕೈಯಲ್ಲೇ ದಾರ ಹಿಡಿದು ಹಾಕುವವರು ಇನ್ನೂ ದಪ್ಪದ್ದು ತಗೊಳ್ಳುತ್ತಾರೆ, ತೆಳುವಾದದ್ದು ಬೆರಳು ಕೊಯ್ಯುತ್ತದೆ.

ಬೀಚಿನಲ್ಲಿ ಕಾಣೆ ಹಿಡಿಯಲು ಸಣ್ಣ ಗಾಳ, ತೆಳು ದಾರ ಸಾಕು. ಆದರೆ ಸೀಸ ಭಾರ ಇದ್ದರೆ ಎಸೆಯುವಾಗಲೇ ದಾರ ತುಂಡಾಗಿ ಸೀಸ ಗುಂಡಿನ ಹಾಗೆ ಹೋಗುತ್ತದೆ, ಗೋವಾ ಬೀಚಿನಲ್ಲಿ ಜನ ಎಷ್ಟಿರುತ್ತಾರೆ ಗೊತ್ತಲ್ವಾ. ಸುಮಾರು 28 ಗ್ರಾಂ ಸೀಸಕ್ಕೆ 10 ಪೌಂಡ್ ಲೆಕ್ಕದಲ್ಲಿ ಶಾಕ್ ಲೀಡರ್ (ಎಸೆತದ ಜಗ್ಗನ್ನು ತಡೆಯುವ ದಪ್ಪ ದಾರ) ಕಟ್ಟಿ. 84 ಗ್ರಾಂ ಸೀಸಕ್ಕೆ 30 ಪೌಂಡ್. ಎಸೆಯಲು ರಾಡ್ ಹಿಂದೆ ತಂದಾಗ ಲೀಡರ್ ಸ್ಪೂಲಿನ ಮೇಲೆ ಐದಾರು ಸುತ್ತು ಇರುವಷ್ಟು ಉದ್ದ ಬೇಕು.

ಅಂಗಡಿಯಲ್ಲಿ ಡಬ್ಬಿ ಮೇಲಿನ ಪೌಂಡ್ ನೋಡಿ ಮರುಳಾಗಬೇಡಿ. ಒಂದು ಪೌಂಡ್ ಅಂದ್ರೆ 0.45 ಕೆಜಿ, ಆದರೆ ಅಗ್ಗದ ದಾರಗಳಲ್ಲಿ ಆ ಸಂಖ್ಯೆ ಜಾಸ್ತಿ ಬರೆದಿರುತ್ತಾರೆ. ದಪ್ಪ ನೋಡಿ. 0.40ರ ಮೋನೊ ಸುಮಾರು 20 ಪೌಂಡ್ ತಡೆಯುತ್ತದೆ, ಅದರ ಮೇಲೆ 45 ಅಂತ ಇದ್ದರೆ ವಾಪಸ್ ಇಟ್ಟುಬಿಡಿ. ಬ್ರೇಡಿನಲ್ಲಿ ಪಿಇ 1 ಅಂದ್ರೆ 0.165, ಪಿಇ 2 ಅಂದ್ರೆ 0.235 ಮಿಲಿಮೀಟರ್. 8 ಎಳೆಯದು ದುಂಡಗೆ, ನುಣ್ಣಗೆ ಇರುತ್ತದೆ. ಬಂಡೆಗೆ 4 ಎಳೆಯದೇ ಸಾಕು.

ಬ್ರೇಡಿಗೆ ಲೀಡರ್ ಕಟ್ಟಲು ಈಗ ಡಬಲ್ ಯುನಿ ಗಂಟು ಕಲಿಯಿರಿ. ಎಫ್‌ಜಿ ಗಂಟು ಇನ್ನೂ ತೆಳು, ರಾಡಿನ ರಿಂಗುಗಳಲ್ಲಿ ಸಿಕ್ಕಿಕೊಳ್ಳದೆ ಹೋಗುತ್ತದೆ, ಆದರೆ ಗಾಳಿಯಲ್ಲಿ ನಿಂತು ಕಟ್ಟಲು ಕೈ ಪಳಗಬೇಕು, ಮನೆಯಲ್ಲಿ ಫ್ಯಾನ್ ಆರಿಸಿ ಕೂತು ಅಭ್ಯಾಸ ಮಾಡಿ. ಯಾವ ಗಂಟಾದರೂ ಬಿಗಿಯುವ ಮುಂಚೆ ಎಂಜಲು ಹಚ್ಚಿ ನಿಧಾನಕ್ಕೆ ಎಳೆಯಿರಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ದಾರದ ಬಲವೇ ಹೋಗುತ್ತದೆ. ಪ್ರತಿ ಮೀನಿನ ನಂತರ ಗಾಳದ ಮೇಲಿನ ಒಂದು ಮೊಳವನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡಿ, ಎಲ್ಲಾದರೂ ತರಿತರಿ ಅನಿಸಿದರೆ ಅಲ್ಲಿಗೆ ಕತ್ತರಿಸಿ ಹೊಸದಾಗಿ ಕಟ್ಟಿ. ಗಾಳ ಕಲ್ಲಿಗೆ ಸಿಕ್ಕಿಕೊಂಡರೆ ಬ್ರೇಡನ್ನು ಕೈಗೆ ಸುತ್ತಿ ಎಳೆಯಬೇಡಿ, ಚರ್ಮ ಸೀಳುತ್ತದೆ. ಒಂದು ಕೋಲಿಗೆ ಸುತ್ತಿ ಎಳೆಯಿರಿ.

ಸದ್ಯಕ್ಕೆ ಪಿಇ 2ರ ಬ್ರೇಡ್ ಒಂದು, 40ರ ಫ್ಲೋರೋ ಚಿಕ್ಕ ಸುರುಳಿ, 60ರ ಮೋನೊ ಒಂದು ತಗೊಳ್ಳಿ. ಬಂಡೆಯ ಹುಚ್ಚು ಹತ್ತಿದರೆ ಪಿಇ 3ನ್ನು ಇನ್ನೊಂದು ಸ್ಪೂಲಿಗೆ ಸುತ್ತಿಕೊಳ್ಳಬಹುದು. ಮುಂದೆ ಯಾರಾದರೂ ಬೋಟಿನಲ್ಲಿ ಇಸ್ವಣ ಹಿಡಿಯಲು ಕರೆದರೆ, ಅದೇ ನಮ್ಮ ಅಂಜಲ್, ಇದ್ಯಾವುದೂ ಅದರ ಹಲ್ಲಿಗೆ ತಡೆಯುವುದಿಲ್ಲ, ಗಾಳಕ್ಕೆ ಒಂದು ಗೇಣು ಸ್ಟೀಲ್ ವೈರ್ ಕಟ್ಟಿಕೊಂಡು ಹೋಗಿ.