ಪುಣೆಯ ಮುಳಾ-ಮುಠಾ ನದಿಗೆ ಸೇರೋ ಕೊಳಚೆ ನೀರಿಂದ ಗಂಡು ಮೀನು ಹೆಣ್ಣಾಗುತ್ತಾ?

ಪೂರ್ತಿ ಹೆಣ್ಣಾಗೋದು ಅಪರೂಪ ಕಣ್ರಿ, ಆದ್ರೆ ಗಂಡಿನ ಗಂಡುತನ ಕೆಡೋದಂತೂ ನಿಜ. ಗರ್ಭನಿರೋಧಕ ಮಾತ್ರೇಲಿರೋ ಎಥಿನೈಲ್ ಎಸ್ಟ್ರಾಡಯಾಲ್ ಅನ್ನೋ ಕೃತಕ ಹೆಣ್ಣು ಹಾರ್ಮೋನ್, ಹೆಂಗಸರ ಮೂತ್ರದಲ್ಲಿ ಹೋಗೋ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್, ಅದರ ಹಾಗೇ ಕೆಲಸ ಮಾಡೋ ಡಿಟರ್ಜೆಂಟ್‌ನ ನೋನೈಲ್‌ಫಿನಾಲ್ ಅನ್ನೋ ರಾಸಾಯನಿಕ, ಇವೆಲ್ಲ ಚರಂಡಿ ಹಿಡಿದು ನದಿಗೆ ಬರುತ್ವೆ. ಪುಣೇಲಿ ಎಷ್ಟೋ ಕೊಳಚೆ ಶುದ್ಧ ಆಗದೇನೇ ನದಿಗೆ ಬೀಳುತ್ತೆ ಅನ್ನೋದು ಸೇತುವೆ ಮೇಲೆ ನಿಂತ್ರೇನೇ ಮೂಗಿಗೆ ಗೊತ್ತಾಗುತ್ತೆ.

ಮೀನಿನ ಲಿವರ್‌ಗೆ ಇದು ಒಳಗಿನ ಹಾರ್ಮೋನಾ ಹೊರಗಿನದಾ ಅಂತ ತಿಳಿಯಲ್ಲ, ಹಾಗಾಗಿ ಹೆಣ್ಣು ಮಾತ್ರ ಮೊಟ್ಟೆಗೋಸ್ಕರ ಮಾಡೋ ವೈಟೆಲೊಜೆನಿನ್ ಅನ್ನೋ ಪ್ರೋಟೀನನ್ನ ಗಂಡೂ ಮಾಡೋಕೆ ಶುರು ಮಾಡುತ್ತೆ, ಅದು ಜಾಸ್ತಿ ಆದ್ರೆ ಕಿಡ್ನಿಗೂ ಪೆಟ್ಟು. ಆ ಕಡೆ ಗಂಡು ಹಾರ್ಮೋನ್ ಇಳಿದು ವೀರ್ಯ ಕಮ್ಮಿ ಆಗುತ್ತೆ. ಇಂಗ್ಲೆಂಡಿನ ನದಿಗಳ ರೋಚ್ ಮೀನಲ್ಲಿ ವೃಷಣದ ತೆಳು ತುಂಡನ್ನ ಮೈಕ್ರೋಸ್ಕೋಪ್ ಕೆಳಗಿಟ್ರೆ ವೀರ್ಯದ ಕೋಶಗಳ ಮಧ್ಯೆ ದುಂಡಗೆ ಮೊಟ್ಟೆಕೋಶ ಕಂಡಿದ್ವು.

ಕೆನಡಾದಲ್ಲಿ 2001ರಿಂದ ಮೂರು ಬೇಸಿಗೆ ಒಂದು ಕೆರೆಗೆ ಈ ಮಾತ್ರೆ ಹಾರ್ಮೋನನ್ನ ಲೀಟರಿಗೆ ಬರೀ 5-6 ನ್ಯಾನೋಗ್ರಾಂ ಇರೋ ಹಾಗೆ ಬೆರೆಸಿದ್ರು, ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಸಣ್ಣ ಮೀನು ಹೆಚ್ಚೂಕಮ್ಮಿ ನಿರ್ನಾಮ ಆಯ್ತು. ಎಷ್ಟು ಅಂದ್ರೆ, ಸೊಸೈಟಿಗೆ ಬರೋ 10,000 ಲೀಟರ್ ಟ್ಯಾಂಕರ್‌ಗೆ 30 ಮೈಕ್ರೋಗ್ರಾಂನ ಎರಡು ಮಾತ್ರೆ ಕರಗಿಸಿದಷ್ಟು! ಬೆರೆಸೋದು ನಿಲ್ಲಿಸಿ ಕೆಲವು ವರ್ಷ ಆದ್ಮೇಲೆ ಮೀನು ಮತ್ತೆ ಹೆಚ್ಚಾದ್ವು, ಅದಕ್ಕೇ ಕೊಳಚೆ ಶುದ್ಧೀಕರಣಕ್ಕೆ ನಾವು ಗಟ್ಟಿಯಾಗಿ ಕೇಳಲೇಬೇಕು.