ಎರಡನೇ ಟಿಕ್ ಬಿದ್ದಿಲ್ಲ ಮೇಡಂ

ಆಪ್ತಸಲಹೆಗೆ ನನ್ನ ಹತ್ತಿರ ಬರುವ ಒಬ್ಬರ ಕಥೆ ಇದು, ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಜಯಮ್ಮ ಅಂತಿರಲಿ, ವಯಸ್ಸು 54. ಮಂಡ್ಯದ ಹತ್ತಿರ ನಾಲೆ ನೀರಿನ ಹಳ್ಳಿ, ಸ್ವಲ್ಪ ಕಬ್ಬು, ಎರಡು ಹಸು. ಒಬ್ಬನೇ ಮಗ, ಬೆಂಗಳೂರಿನಲ್ಲಿ ನೈಟ್ ಶಿಫ್ಟ್.

ಎದೆ ಹಿಡಿದ ಹಾಗಾಗುತ್ತದೆ, ನಿದ್ದೆ ಬರುವುದಿಲ್ಲ ಅಂತ ಡಾಕ್ಟರ ಹತ್ತಿರ ಹೋಗಿದ್ದರು. ಇಸಿಜಿ ಆಯಿತು, ಥೈರಾಯ್ಡ್ ಆಯಿತು, ಗ್ಯಾಸ್ಟ್ರಿಕ್ ಮಾತ್ರೆಯೂ ಆಯಿತು. ಎಲ್ಲಾ ನಾರ್ಮಲ್ ಅಂತ ಬಂದ ಮೇಲೆ ಡಾಕ್ಟರು ನನ್ನ ಕಡೆ ಕಳಿಸಿದರು. ಜೊತೆಗೆ ಬಂದ ಯಜಮಾನರು ಕುರ್ಚಿಯಲ್ಲಿ ಕೂರುವ ಮೊದಲೇ, "ಇವಳಿಗೆ ಮೊಬೈಲ್ ಹುಚ್ಚು ಹಿಡ್ದದೆ, ಬುಡಿಸಿ ಮೇಡಂ" ಅಂದರು.

ಫೋನ್ ತೆಗೆಸಿ ಸೆಟ್ಟಿಂಗ್ಸ್‌ನಲ್ಲಿ, ಫೋನ್ ಎಷ್ಟು ಬಳಸಿದೆವು ಅಂತ ಲೆಕ್ಕ ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್ ನೋಡಿದೆವು. ಹಿಂದಿನ ದಿನ ಒಟ್ಟು ನೋಡಿದ್ದು 48 ನಿಮಿಷ. ಹುಚ್ಚು ಎಲ್ಲಿಂದ ಬಂತು ಹಾಗಾದರೆ? ನಾನು ಇದಕ್ಕಿಂತ ಜಾಸ್ತಿ ನೋಡುತ್ತೇನೆ. ಆದರೆ ಕೆಳಗೆ ಇನ್ನೊಂದು ಲೆಕ್ಕ ಇತ್ತು: ಲಾಕ್ ತೆಗೆದದ್ದು 93 ಸಲ. ರೀಲ್ಸ್ ಇಲ್ಲ, ಯೂಟ್ಯೂಬ್ ಇಲ್ಲ, ಧಾರಾವಾಹಿ ಟಿವಿಯಲ್ಲೇ ನೋಡುತ್ತಾರೆ. ಮತ್ತೆ ಅಷ್ಟು ಸಲ ತೆಗೆದು ಏನು ನೋಡುತ್ತೀರಿ ಅಂದರೆ, ತಲೆ ತಗ್ಗಿಸಿ, "ಮಗ ಯಾವಾಗ ಬಂದು ಹೋಯ್ತು ಅಂತ ನೋಡ್ತೀನಿ" ಅಂದರು.

ವಾಟ್ಸಾಪ್‌ನ ಲಾಸ್ಟ್ ಸೀನ್. ರಾತ್ರಿ 2:10ಕ್ಕೆ ಇದ್ದರೆ ಸದ್ಯ ಬದುಕಿದ್ದಾನೆ ಅಂತ ಸಮಾಧಾನ, ಅದರ ಹಿಂದೆಯೇ ಇಷ್ಟು ಹೊತ್ತಲ್ಲಿ ಯಾರ ಹತ್ತಿರ ಮಾತು ಅಂತ ಯೋಚನೆ. "ಉಂಡ್ಯಾ ಮಗ" ಅಂತ ಕಳಿಸಿದ್ದಕ್ಕೆ ಒಂದೇ ಟಿಕ್ ಬಿದ್ದು ಎರಡನೆಯದು ಬೀಳದಿದ್ದರೆ ಎದೆ ಹಿಡಿಯುವುದು ಶುರು. ಒಂದು ಟಿಕ್ ಅಂದರೆ ಸಾಮಾನ್ಯವಾಗಿ ಆ ಕಡೆ ನೆಟ್ ಇಲ್ಲ, ಇಲ್ಲವೇ ಫೋನ್ ಆಫ್ ಆಗಿದೆ. ಇದು ಅವರಿಗೂ ಗೊತ್ತು. ಗೊತ್ತಿದ್ದರೆ ಭಯ ಹೋಗುತ್ತದೆ ಅಂತಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ ಬಿಡಿ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ರಾತ್ರಿ ಡೇಟಾ ಆಫ್ ಮಾಡಿ ಮಲಗಿ ಅಂದೆ. ಅವರು ಆಫ್ ಮಾಡಿದರು, ಮಗ್ಗಲು ಬದಲಿಸಿದರು, ಒಂದೂವರೆಗೆ ಎದ್ದು ಆನ್ ಮಾಡಿ ಬೆಳಗಿನ ತನಕ ಕೂತಿದ್ದರು. ಭಯದ ಬೇರು ಎಲ್ಲಿದೆ ಅಂತ ಕೇಳದೆ ಫೋನ್ ಕಿತ್ತುಕೊಂಡರೆ ಹೀಗೇ ಆಗುವುದು.

ಮೂರನೇ ಭೇಟಿಯಲ್ಲಿ ಯಜಮಾನರನ್ನು ಟೀ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದೆ. ಆಗ ಹೇಳಿದರು. ಎರಡು ವರ್ಷದ ಹಿಂದೆ ತಂಗಿಯ ಮಗ ರಾತ್ರಿ ಬೈಕ್‌ನಲ್ಲಿ ಬರುವಾಗ ಹೋಗಿಬಿಟ್ಟ, ಅಲ್ಲೇ, ಆಸ್ಪತ್ರೆಗೆ ಸಾಗಿಸುವ ಮೊದಲೇ. ಅವತ್ತು ಇವರಿಗೆ ತಲೆನೋವು, ಫೋನ್ ಸೈಲೆಂಟ್ ಮಾಡಿ ಮಲಗಿದ್ದರು. ಬೆಳಿಗ್ಗೆ ನೋಡಿದರೆ ತಂಗಿಯದು ಒಂಬತ್ತು ಮಿಸ್ಡ್ ಕಾಲ್. ಸಾವಿನ ಮನೆಯಲ್ಲಿ ತಂಗಿ ಒಂದೇ ಮಾತು ಅಂದಳಂತೆ: "ಅಕ್ಕ, ನೀನು ಎತ್ನೇ ಇಲ್ಲ." ಅವತ್ತಿಂದ ಇವರ ಫೋನ್ ಸೈಲೆಂಟ್ ಆಗಿಲ್ಲ. ತಲೆದಿಂಬಿನ ಕೆಳಗೇ ಮಲಗುತ್ತದೆ. ಹೊಡೆದುಕೊಳ್ಳದಿದ್ದರೂ ಹೊಡೆದುಕೊಂಡ ಹಾಗೆ ಕೇಳುತ್ತದೆ, ಸೀರೆ ಸೊಂಟಕ್ಕೆ ಸಿಕ್ಕಿಸಿದ್ದರೆ ಸುಮ್ನೆ ಗುಂಯ್ ಅಂದ ಹಾಗಾಗುತ್ತದೆ. ಇದು ತುಂಬಾ ಜನಕ್ಕೆ ಆಗುತ್ತದೆ, ಕಿವಿ ಕೆಟ್ಟಿಲ್ಲ, ತಲೆ ಕೆಟ್ಟಿಲ್ಲ, ಕಾಯ್ತಾ ಕೂತ ಮೈ ಸಣ್ಣ ಅಲುಗಾಟವನ್ನೂ ಫೋನೇ ಅಂದುಕೊಳ್ಳುತ್ತದೆ ಅಂತ ಹೇಳಿದಾಗ ಅವರ ಮುಖದಲ್ಲಿ ಮೊದಲ ಸಲ ಸ್ವಲ್ಪ ನಿರಾಳ ಕಂಡೆ.

ಆಮೇಲೆ ಮಗನನ್ನೂ ಒಂದು ದಿನ ಕರೆಸಿದೆ. ಪಾಪ, ಅವನ ಕಥೆಯೂ ಅಷ್ಟೇ. ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗಿದರೆ ಹತ್ತಕ್ಕೆ ಅವ್ವನ ಕಾಲ್. ರಾತ್ರಿ ಆನ್‌ಲೈನ್ ಇದ್ದೆಯಲ್ಲ, ನನಗೆ ಯಾಕೆ ಮಾಡಲಿಲ್ಲ ಅಂತ ವಿಚಾರಣೆ. ಅವ್ವನನ್ನು ಮ್ಯೂಟ್ ಮಾಡಿದ್ದ, ಮಾಡಿದ್ದಕ್ಕೆ ಒಳಗೊಳಗೇ ನೊಂದಿದ್ದ. ನಿಮ್ಹಾನ್ಸ್‌ನಲ್ಲಿ ಮೊಬೈಲ್ ಚಟಕ್ಕೇ ಒಂದು ಕ್ಲಿನಿಕ್ ಇದೆಯಂತೆ, ಅಲ್ಲಿಗೆ ಕರೆದುಕೊಂಡು ಹೋಗಲಾ ಅಂತ ಕೇಳಿದ. ಇದೆ, 2014ರಿಂದ ಇದೆ, ಒಳ್ಳೆಯ ಕ್ಲಿನಿಕ್. ಗೇಮು, ಸೋಶಿಯಲ್ ಮೀಡಿಯಾ ಬಿಡಲಾಗದೆ ಓದು, ಊಟ, ನಿದ್ದೆ ಕಳೆದುಕೊಂಡವರು ಹೋಗಲೇಬೇಕು. ನಿಮ್ಮ ಅವ್ವನಿಗೆ ಮೊಬೈಲ್ ಮೇಲೆ ಆಸೆಯಿಲ್ಲಪ್ಪ, ಮೊಬೈಲ್ ಕಂಡರೆ ಭಯ ಅಂದೆ. ಸಾವು ಒಂದು ಸಲ ಅದರೊಳಗಿಂದ ಬಂದಿದೆ, ಮತ್ತೆ ಅಲ್ಲಿಂದಲೇ ಬರುತ್ತದೆ ಅಂತ ಬಾಗಿಲು ಕಾಯುತ್ತಿದ್ದಾರೆ.

ಜಯಮ್ಮನಿಗೆ ನಾನು ಹೇಳಿದ್ದು ಕಜ್ಜಿಯ ಲೆಕ್ಕ. ಕೆರೆದರೆ ಹಾಯ್ ಅನಿಸುತ್ತದೆ, ಕೆರೆದಷ್ಟೂ ತುರಿಕೆ ಹೆಚ್ಚುತ್ತದೆ. ಲಾಸ್ಟ್ ಸೀನ್ ನೋಡಿದಾಗ ಬರುವ ಸಮಾಧಾನ ಹತ್ತು ನಿಮಿಷದ್ದು, ಆ ಹತ್ತು ನಿಮಿಷವೇ ಮುಂದಿನ ಸಲ ನೋಡು ಅಂತ ಮನಸ್ಸಿಗೆ ಕಲಿಸುತ್ತದೆ. ನೋಡದೆ ಕೂತರೆ ಭಯ ಏರುತ್ತದೆ, ಆದರೆ ಏರುತ್ತಲೇ ಹೋಗುವುದಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಅದನ್ನು ನಾನು ಹೇಳಿ ನಂಬಿಸಲಾಗದು, ಅವರೇ ಕೂತು ನೋಡಬೇಕು. ಬರೆದಿಡುವುದು ಅವರಿಗೆ ಒಗ್ಗುವುದಿಲ್ಲ. ಅದಕ್ಕೆ, ನೋಡಬೇಕು ಅನ್ನಿಸಿಯೂ ನೋಡದೆ ಬಿಟ್ಟಾಗಲೆಲ್ಲ ಒಂದು ಹುರುಳಿಕಾಳು ಲೋಟಕ್ಕೆ ಹಾಕಿ ಅಂದೆ. ನೋಡಿದ್ದನ್ನು ಎಣಿಸುವುದು ಬೇಡ, ಅದಕ್ಕೆ ಯಜಮಾನರು ಇದ್ದಾರೆ.

ರಾತ್ರಿಗೆ ಬೇರೆ ಏರ್ಪಾಡು ಮಾಡಿದೆವು. ಸೈಲೆಂಟ್ ಅನ್ನುವ ಮಾತೇ ಎತ್ತಲಿಲ್ಲ. ಡು ನಾಟ್ ಡಿಸ್ಟರ್ಬ್ ಹಾಕಿ, ಮಗ ಮತ್ತು ತಂಗಿಯ ಕಾಲ್ ಮಾತ್ರ ಜೋರಾಗಿ ಹೊಡೆದುಕೊಳ್ಳುವ ಹಾಗೆ ಮಾಡಿದೆವು. ಬೇರೆ ಯಾರೇ ಆದರೂ ಹದಿನೈದು ನಿಮಿಷದೊಳಗೆ ಎರಡನೇ ಸಲ ಮಾಡಿದರೆ ರಿಂಗ್ ಆಗುವ ಹಾಗೂ ಅದರಲ್ಲೇ ಇಡಬಹುದು. ಸೆಟ್ಟಿಂಗ್ ಮಾಡಿ ಬಿಟ್ಟರೆ ನಂಬಿಕೆ ಬರುವುದಿಲ್ಲ ಅಂತ ಮಗನಿಂದ ಅಲ್ಲೇ ಕಾಲ್ ಮಾಡಿಸಿ ತೋರಿಸಿದೆ. ಫೋನ್ ದಿಂಬಿನ ಕೆಳಗಿಂದ ಹಜಾರದ ಗೂಡಿಗೆ ಹೋಯಿತು. ಇನ್ನು ಲಾಸ್ಟ್ ಸೀನ್ ವಿಷಯ: ನಮ್ಮದನ್ನು ನಾವು ಮುಚ್ಚಿಟ್ಟರೆ ಬೇರೆಯವರದ್ದೂ ನಮಗೆ ಕಾಣುವುದಿಲ್ಲ. ಮಗ ಮುಚ್ಚಿದ್ದರೆ ಅದು ಅವ್ವನಿಗೆ ಬಾಗಿಲು ಹಾಕಿದ ಹಾಗೆ, ಜಗಳವಾಗುತ್ತಿತ್ತು. ಹಾಗಾಗಿ ನೀವೇ ಮುಚ್ಚಿ, ಆದರೆ ಇವತ್ತೇ ಬೇಡ ಅಂದೆ. ಎರಡು ವಾರ ತೆಗೆದುಕೊಂಡರು. ಒಂದು ದಿನ ನನ್ನೆದುರಿಗೇ ಒತ್ತಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಮಗನ ಪಾಲಿಗೆ ದಿನಾ ಸಂಜೆ ಏಳೂವರೆಗೆ ತಾನಾಗಿ ಒಂದು ಕಾಲ್, ಐದು ನಿಮಿಷವಾದರೂ ಸರಿ. ಭಾನುವಾರ ಬೇಡ. ಅದೂ ಇನ್ನೊಂದು ಲಾಸ್ಟ್ ಸೀನ್ ಆಗಬಾರದು ಅಲ್ವಾ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ರಾತ್ರಿ ಬರುವ ಬದಲು ಬೆಳಗಿನ ರೈಲಿಗೆ ಬಾ ಅಂತಲೂ ಹೇಳಿದೆ. ಇದು ಆಪ್ತಸಲಹೆ ಅಲ್ಲ, ಸುಮ್ನೆ ನನ್ನ ಸಮಾಧಾನಕ್ಕೆ.

ಮೂರು ತಿಂಗಳಾಯಿತು. ಮೊನ್ನೆ ಡಿಜಿಟಲ್ ವೆಲ್‌ಬೀಯಿಂಗ್ ತೆಗೆದರೆ ಲಾಕ್ ತೆಗೆದದ್ದು 31 ಸಲ. ನಾಲ್ಕೈದು ಗಂಟೆ ಒಂದೇ ಸಮ ನಿದ್ದೆ ಬರುತ್ತಿದೆಯಂತೆ. ಎದೆ ಹಿಡಿಯುವುದು ಪೂರ್ತಿ ನಿಂತಿಲ್ಲ. ಹಬ್ಬಕ್ಕೆ ಮಗ ಗೆಳೆಯರ ಜೊತೆ ಮಡಿಕೇರಿಗೆ ಹೋದಾಗ ತಡೆಯಲಾಗದೆ ಪಕ್ಕದ ಮನೆ ಹುಡುಗಿಯ ಫೋನಿಗೆ ಅವನ ನಂಬರ್ ಸೇವ್ ಮಾಡಿಸಿ ಲಾಸ್ಟ್ ಸೀನ್ ನೋಡಿದ್ದರು. ಅದನ್ನು ಹೇಳುವಾಗ ಅವರೇ ನಕ್ಕರು, ನಾನೂ ನಕ್ಕೆ. ಬೈಯಲಿಲ್ಲ. ಲೋಟ ತುಂಬಿದೆಯಾ ಅಂತ ಕೇಳಿದೆ. "ಎರಡ್ ಸಲ ತುಂಬ್ತು. ಒಂದ್ ಸಲ ಬಸ್ಸಾರೇ ಮಾಡ್ಬುಟ್ಟೆ" ಅಂದರು.

ಇದನ್ನು ಓದುವಾಗ ನಿಮ್ಮ ಮನೆಯ ಯಾರಾದರೂ ನೆನಪಾಗಿ, ಹತ್ತಿರದಲ್ಲಿ ಆಪ್ತಸಲಹೆಗಾರರು ಇಲ್ಲದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕಾಲ್ ಮಾಡಿ. ದುಡ್ಡಿಲ್ಲ, ದಿನದ 24 ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜಯಮ್ಮ ಮತ್ತೆ ಮುಂದಿನ ತಿಂಗಳು ಬರುತ್ತಾರೆ. ಆ ಒಂಬತ್ತು ಮಿಸ್ಡ್ ಕಾಲ್ ಬಗ್ಗೆ ತಂಗಿಯ ಹತ್ತಿರ ಇದುವರೆಗೂ ಮಾತಾಡಿಲ್ಲ. ಫೋನ್‌ನಲ್ಲಿ ಬೇಡ, ಮನೆಗೇ ಹೋಗಿ ಅಂದಿದ್ದೇನೆ. "ಕಬ್ಬು ಕಟಾವು ಮುಗೀಲಿ ಮೇಡಂ" ಅಂದಿದ್ದಾರೆ.