ಎಂಟೋ, ಒಂಬತ್ತೋ? ಜಮಖಂಡಿಯ ಮಾಸ್ತರಿಗೆ ಉತ್ತರ

ಮಾಸ್ತರೇ, ನಮಸ್ಕಾರ.

ನಿಮ್ಮ ಇನ್‌ಲ್ಯಾಂಡ್ ಪತ್ರ ಬೆಳಗಾವಿಗೆ ಬಂದು ಮುಟ್ಟಿತು. ಕಳೆದ ಸಂಚಿಕೆಯಲ್ಲಿ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಲೇಖನದಲ್ಲಿ ಒಂದು ಕಡೆ ಎಂಟು ದೇಶ, ಇನ್ನೊಂದು ಕಡೆ ಒಂಬತ್ತು ದೇಶ ಅಂತ ಅಚ್ಚಾಗಿದೆ, ಯಾವುದು ಸರಿ ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದೀರಿ. ಕೆಳಗೆ ಇನ್ನೊಂದು ಪ್ರಶ್ನೆ: "1978ರಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ, ಕಾಡು ಇನ್ನೂ ಉರಿಯುತ್ತಿದೆ. ಅಂಥ ಕಾಗದ ಯಾಕೆ ಬೇಕು?"

ಮೊದಲು ಲೆಕ್ಕ. ಆ 1978ರ ಅಮೆಜಾನ್ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದ್ದು ಎಂಟು ದೇಶ: ಬ್ರೆಜಿಲ್, ಪೆರು, ಕೊಲಂಬಿಯಾ, ಬೊಲಿವಿಯಾ, ಈಕ್ವೆಡಾರ್, ವೆನೆಜುವೆಲಾ, ಗಯಾನಾ, ಸುರಿನಾಮ್. ಒಂಬತ್ತನೆಯದು ಫ್ರೆಂಚ್ ಗಯಾನಾ. ಅದು ದೇಶವಲ್ಲ, ಸಮುದ್ರದಾಚೆಯ ಫ್ರಾನ್ಸಿಗೆ ಸೇರಿದ ನೆಲ. ಅಲ್ಲಿ ಕಾಡು ಉಂಟು, ಒಪ್ಪಂದದಲ್ಲಿ ಜಾಗ ಇಲ್ಲ. ಇದನ್ನು ಬಿಡಿಸಿ ಹೇಳದೆ ಹೋದದ್ದು ನಮ್ಮ ತಪ್ಪು.

ಈಗ ಕಾಗದದ ವಿಷಯ. ಆಗ ಬ್ರೆಜಿಲಿನಲ್ಲಿ ಸೈನ್ಯದ ಆಡಳಿತ. ಹೊರಗಿನವರು ಬಂದು 'ಈ ಕಾಡು ಎಲ್ಲರದ್ದು' ಅಂದುಬಿಟ್ಟಾರು ಎಂಬ ಹೆದರಿಕೆ ಕೊಡಲಿಯ ಹೆದರಿಕೆಗಿಂತ ಜಾಸ್ತಿ ಇತ್ತು. ಒಪ್ಪಂದದ 4ನೇ ಕಲಮು ಓದಿದರೆ ಗೊತ್ತಾಗುತ್ತದೆ: ತನ್ನ ನೆಲದ ಸಂಪತ್ತಿನ ಮೇಲೆ ಆಯಾ ದೇಶಕ್ಕೇ ಪೂರ್ತಿ ಹಕ್ಕು. ಯಾವ ತೀರ್ಮಾನಕ್ಕೂ ಎಂಟೂ ಜನ ಹೂಂ ಅನ್ನಬೇಕು. ತಪ್ಪಿದವರಿಗೆ ದಂಡ ಇಲ್ಲ, ಎಳೆದುಕೊಂಡು ಹೋಗಲು ಕೋರ್ಟೂ ಇಲ್ಲ. ಅಣ್ಣತಮ್ಮಂದಿರು ಸೇರಿ ಬದುವಿನ ಮೇಲೆ ನಿಂತು ಪರರನ್ನು ಓಡಿಸಿದ ಹಾಗೆ. ಆಮೇಲೆ ಅವರವರ ಹೊಲ ಅವರವರಿಗೆ. ಒಪ್ಪಂದಕ್ಕೊಂದು ಖಾಯಂ ಕಚೇರಿ ಮಾಡಲಿಕ್ಕೇ ಎರಡು ದಶಕ ಹಿಡಿಯಿತು.

2023ರ ಆಗಸ್ಟ್‌ನಲ್ಲಿ ಈ ದೇಶಗಳವರು ಬ್ರೆಜಿಲಿನ ಬೆಲೆಂ ನಗರದಲ್ಲಿ ಮತ್ತೆ ಸೇರಿದರು. 2030ರೊಳಗೆ ಕಾಡು ಕಡಿಯುವುದನ್ನು ನಿಲ್ಲಿಸೋಣ ಎಂದು ಬ್ರೆಜಿಲಿನ ಅಧ್ಯಕ್ಷ ಲೂಲಾ ಹೇಳಿದರು. ಹೊಸ ಎಣ್ಣೆ ಬಾವಿ ಬೇಡ ಎಂದು ಕೊಲಂಬಿಯಾದ ಆಗಿನ ಅಧ್ಯಕ್ಷ ಪೆಟ್ರೋ ಹೇಳಿದರು. ಎರಡೂ ಎಲ್ಲರ ಮಾತಾಗಲಿಲ್ಲ. ಅದೇ ತಿಂಗಳು ಈಕ್ವೆಡಾರಿನ ಮತದಾರರು ಯಾಸುನಿ ಕಾಡಿನ ಎಣ್ಣೆ ಬಾವಿಗಳನ್ನು ಮುಚ್ಚಿ ಎಂದು ಮತ ಹಾಕಿದರು, ನೂರಕ್ಕೆ ಸುಮಾರು 59 ಜನ. (ಜಾರಿ ಮಾತ್ರ ಕುಂಟುತ್ತಿದೆ, ಅದೂ ನಿಜ.) ಹಲ್ಲಿರುವ ಕಾನೂನು ಇರುವುದು ಆಯಾ ದೇಶದ ಒಳಗೇ. ಬ್ರೆಜಿಲಿನ ಅರಣ್ಯ ಕಾನೂನಿನಂತೆ, ಅಮೆಜಾನ್ ಕಾಡಿನಲ್ಲಿ ಜಮೀನು ಇರುವವರು ಅದರ 80% ಮರವಾಗಿಯೇ ಉಳಿಸಬೇಕು.

ಹಾಗಾದರೆ ಒಪ್ಪಂದ ಸುಮ್ನೆ ದಂಡ, ಅಲ್ವಾ? ಇಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಆ ಕಾಡು ಉಸಿರಾಡಿದ ನೀರಿನ ಆವಿ ಗಾಳಿಯಲ್ಲಿ ಪಶ್ಚಿಮಕ್ಕೆ ಹೋಗುತ್ತದೆ, ಆಂಡಿಸ್ ಬೆಟ್ಟಕ್ಕೆ ತಾಗಿ ದಕ್ಷಿಣಕ್ಕೆ ತಿರುಗುತ್ತದೆ. 'ಹಾರುವ ನದಿ' ಅನ್ನುತ್ತಾರೆ. ಬ್ರೆಜಿಲಿನಲ್ಲಿ ಮರ ಬಿದ್ದರೆ ಬೊಲಿವಿಯಾದ ಮಳೆಗೆ ಕೊರತೆ. ಒಬ್ಬರ ಹೊಲದ ಕಾನೂನು ಅದನ್ನು ಹಿಡಿಯಲಾರದು.

ನೀವು ಕೃಷ್ಣೆಯ ದಂಡೆಯವರು, ನಿಮಗೆ ಹೇಳಬೇಕೇ? ನಮ್ಮ ಹತ್ತಿರ ಕೃಷ್ಣೆಯ ನೀರು ಹಂಚಲು ನ್ಯಾಯಮಂಡಳಿಯೇ ಇದೆ. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಬಹುದು ಎಂದು 2010ರಲ್ಲಿ ಹೇಳಿದೆ. ನೀರು ಇನ್ನೂ 519.6ರಲ್ಲೇ ನಿಲ್ಲುತ್ತಿದೆ. ಆದರೆ 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ದಂಡೆಯವರಿಗೆ ಬೇಕಾಗಿದ್ದು ತೀರ್ಪಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ಸ್ ನೀರು ಬಿಟ್ಟರು, ಅದು ನಮ್ಮೂರಿಗೆ ಯಾವಾಗ ಮುಟ್ಟುತ್ತದೆ ಎಂಬ ಒಂದು ಫೋನು. ಆ ಎಂಟು ದೇಶಗಳ ಕಚೇರಿ ಈಗ ಕಾಡು ಕಡಿತ, ಬೆಂಕಿ, ನದಿ ನೀರಿನ ಮಾಹಿತಿಯನ್ನು ಒಂದೆಡೆ ಸೇರಿಸುತ್ತಿದೆ. ನನ್ನ ಕಣ್ಣಿಗೆ ದೊಡ್ಡ ದೊಡ್ಡ ಘೋಷಣೆಗಳಿಗಿಂತ ಇದೇ ಹೆಚ್ಚಿನ ಕೆಲಸ.

ಒಂದು ವಿನಂತಿ. 2019ರಲ್ಲಿ ನಿಮ್ಮೂರಿಗೆ ಸುದ್ದಿ ಮೊದಲು ಬಂತೋ, ನೀರು ಮೊದಲು ಬಂತೋ? ಎಷ್ಟು ತಾಸಿನ ಅಂತರ ಇತ್ತು? ಬರೆದು ಕಳಿಸಿ, ಪ್ರಕಟಿಸುತ್ತೇವೆ. ಕೆಂಪು ಶಾಯಿಯೇ ಆದರೂ ಅಡ್ಡಿಯಿಲ್ಲ.

— ಸಂಪಾದಕ